ಬಂದ್ವಾ, ಟೀಚರಮ್ಮ?

ಶ್ರೀರಾಂಪುರದ ನಮ್ಮ ಫ್ಲ್ಯಾಟಿನ ಬಾಲ್ಕನಿಗೆ ಮೊನ್ನೆ ಬಲೆ ಹಾಕಿಸಿದೆ. ಪಾರಿವಾಳಗಳ ಕಾಟ. ಬಲೆಯವನು ಹೂಕುಂಡ ಸರಿಸಿದ್ದೇ ತಡ, ಒಣಗಿದ ಹಿಕ್ಕೆಯ ವಾಸನೆ ಧೂಳಿನ ಜೊತೆ ಎದ್ದು ಮೂಗಿಗೆ ಬಡಿಯಿತು. ಟೈಲರ್ ಚಾಚಾ ನೆನಪಾದರು...

ಮೊದಲು ನಾವಿದ್ದ ಮಂಡಿ ಮೊಹಲ್ಲಾದಲ್ಲಿ ನಮ್ಮೆದುರು ಮನೆ ಅವರದು. ಹೆಂಡತಿ ತೀರಿಕೊಂಡಿದ್ದರು, ಮಗಳು ಮದುವೆಯಾಗಿ ಇದೇ ಶ್ರೀರಾಂಪುರಕ್ಕೆ ಬಂದಿದ್ದಳು. ಕೆಳಗೆ ಹೊಲಿಗೆ ಮಿಷನ್ನು, ತಾರಸಿಯಲ್ಲಿ ಪಾರಿವಾಳದ ಗೂಡು. ಸಂಜೆ ಹಾರಲು ಬಿಟ್ಟು, ಶಿಳ್ಳೆ ಹಾಕಿ ಇಳಿಸಿಕೊಳ್ಳುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಯಾವಾಗಲೋ ಆ ಶಿಳ್ಳೆ ನಿಂತಿತು. ಬರೀ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದರು.

"ಏನೂ ಇಲ್ದೇನೇ ಇಂಗಾಗ್ತದಾ, ಟೀಚರಮ್ಮ?" ಎಂದು ನನ್ನನ್ನೇ ಗದರುತ್ತಿದ್ದರು. ನಾನೇನು ಡಾಕ್ಟರಾ?

ಕೊನೆಗೆ ಸಿ.ಟಿ. ಸ್ಕ್ಯಾನಿಗೆ ನಾನೇ ಕರೆದುಕೊಂಡು ಹೋದೆ. ಮೊದಲು ಉಸಿರು ಎಳೆದು ಹಿಡಿದುಕೊಳ್ಳಿ ಎಂದರಂತೆ. ಆಮೇಲೆ, ಪೂರ್ತಿ ಬಿಟ್ಟು ಹಾಗೇ ಇರಿ ಎಂದು ಇನ್ನೊಂದು ಸಲ ತೆಗೆದರಂತೆ. "ಎಳ್ಕೋ ಅಂತಾರೆ, ಬುಡು ಅಂತಾರೆ. ಯಾವ್ದು ಬೇಕು ಅಂತ ಇವರಿಗೇ ಗೊತ್ತಿಲ್ಲ ಕಣಮ್ಮ," ಎಂದು ಗೊಣಗುತ್ತಾ ಹೊರಗೆ ಬಂದರು.

ಡಾಕ್ಟರು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಉಸಿರು ಎಳೆದ ಚಿತ್ರ ಹೆಚ್ಚುಕಡಿಮೆ ಚೆನ್ನಾಗೇ ಇತ್ತು. ಬಿಟ್ಟ ಚಿತ್ರದಲ್ಲಿ ಶ್ವಾಸಕೋಶವೆಲ್ಲ ಬೂದುಬಣ್ಣಕ್ಕೆ ತಿರುಗಬೇಕಿತ್ತಂತೆ, ಅಲ್ಲಲ್ಲಿ ಕಪ್ಪಾಗೇ ಉಳಿದಿತ್ತು. ಆ ಕಪ್ಪು, ಹೊರಗೆ ಬರಲಾರದೆ ಸಿಕ್ಕಿಕೊಂಡ ಗಾಳಿ. ಎಲ್ಲ ಅರ್ಥವಾದವಳಂತೆ ತಲೆಯಾಡಿಸಿದೆ. ಉಸಿರು ಬಿಟ್ಟ ಮೇಲೂ ಉಳಿಯುವ ಉಸಿರು ಯಾವುದಪ್ಪಾ?

"ಮನೇಲಿ ಪಾರಿವಾಳ ಏನಾದ್ರೂ ಸಾಕಿದೀರಾ?" ಎಂದರು ಡಾಕ್ಟರು.

ಚಾಚಾರ ಮುಖ ಅರಳಿತು. "ಇದಾವೆ ಸಾರ್! ಒಂದ್ಸಲ ಬಂದು ನೋಡ್ಬೇಕು ನೀವು!"

ಅವುಗಳ ಧೂಳೇ ಇದಕ್ಕೆ ಕಾರಣವಿರಬೇಕು, ಅವು ಹೋಗಲೇಬೇಕು ಎಂದರು ಡಾಕ್ಟರು.

ಚಾಚಾ ಬುಟ್ಟಿಗಳಲ್ಲಿ ತುಂಬಿಕೊಂಡು ಹೋಗಿ, ಮಗಳ ಮನೆ ಹತ್ತಿರದ ಪರಿಚಯದವರಿಗೆ ಕೊಟ್ಟರು. ಸಿಟಿ ಬಸ್ಸಿನಲ್ಲಿ ವಾಪಸು ಬರುವಷ್ಟರಲ್ಲಿ ಎಲ್ಲವೂ ತಾರಸಿಯ ಮೇಲೆ ಕೂತಿದ್ದವು! "ಎಲ್ಲಿ ಬುಟ್ರೂ ಮನೆಗೆ ಬನ್ನಿ ಅಂತ ನಾನೇ ಕಲ್ಸಿರೋದು," ಎಂದು ನಗುತ್ತಾ ಕೆಮ್ಮಿದರು. ಕಣ್ಣಲ್ಲಿ ನೀರಿತ್ತು. ಕೆಮ್ಮಿಗೋ, ಯಾತಕ್ಕೋ...

ಪಾರಿವಾಳಗಳು ಹೋಗಲಿಲ್ಲ. ಚಾಚಾನೇ ಹೋದರು, ಮಗಳ ಮನೆಗೆ. ಜೋಳದ ಚೀಲ, ತಾರಸಿಯ ಬೀಗದಕೈ ನನ್ನ ಪಾಲಿಗೆ ಬಂತು. "ನೋಡ್ತಿರಿ, ನನ್ನ ಹುಡ್ಕೊಂಡು ಅಲ್ಲಿಗೇ ಬಂದ್ಬುಡ್ತಾವೆ," ಎಂದು ಹೇಳಿ ಆಟೋ ಹತ್ತಿದರು.

ದಿನಾ ಮುಸ್ಸಂಜೆ ಫೋನು. "ಬಂದ್ವಾ, ಟೀಚರಮ್ಮ?"

"ಬಂದ್ವು ಚಾಚಾ, ಎಲ್ಲಾ ಬಂದ್ವು."

"ಒಳ್ಳೇದಾಯ್ತು ಬುಡಿ."

ಎಲ್ಲವೂ ಇಲ್ಲಿಗೆ ಬಂದಿವೆ ಎಂದರೆ ಒಂದೂ ಅವರ ಹತ್ತಿರ ಹೋಗಿಲ್ಲ ಎಂದೇ ತಾನೇ? ಅದನ್ನು ಖುಷಿಯಿಂದ ಹೇಳಬೇಕಿತ್ತೋ, ಮೆಲ್ಲಗೆ ಹೇಳಬೇಕಿತ್ತೋ, ನನಗೆ ಇವತ್ತಿಗೂ ತಿಳಿಯದು. ಕೆಮ್ಮು ಕಮ್ಮಿಯಾಗಿದೆ ಎಂದಳು ಮಗಳು. ಆದರೆ ಹೊಲಿಗೆ ಬಿಟ್ಟಿದ್ದಾರೆ, ಸಂಜೆಯಾದರೆ ತಾರಸಿಯಲ್ಲೇ ನಿಂತಿರುತ್ತಾರೆ ಎಂದೂ ಹೇಳಿದಳು.

ಒಂದು ಸಂಜೆ ಫೋನು ಬರಲಿಲ್ಲ. ಮಧ್ಯಾಹ್ನ ಮಲಗಿದವರು ಏಳಲೇ ಇಲ್ಲವಂತೆ. ಇತ್ತ ಪಾರಿವಾಳಗಳು ಎಂದಿನಂತೆ ಇಳಿದು ಬಂದವು. ಅಲ್ಲಾ, ಇವು ಇಷ್ಟು ವರ್ಷ ಬರುತ್ತಿದ್ದದ್ದು ಮನುಷ್ಯನಿಗಾ, ತಾರಸಿಗಾ? ಸಿಟ್ಟು ಬಂತು. ಅಳುತ್ತಲೇ ಜೋಳ ಚೆಲ್ಲಿದೆ.

ಈಗ ಬಲೆ ಬಿಗಿಯಾಗಿ ಕೂತಿದೆ. ಮುಸ್ಸಂಜೆ ಒಂದು ಪಾರಿವಾಳ ಅದರಾಚೆ ಕೂತು, ಕತ್ತು ಕೊಂಕಿಸಿ ಒಳಗೆ ಇಣುಕುತ್ತಿತ್ತು. ನನಗೇ ಗೊತ್ತಿಲ್ಲದಂತೆ ಫೋನಿನ ಕಡೆ ತಿರುಗಿದೆ...

ಬಂದಿದೆ ಚಾಚಾ, ಶ್ರೀರಾಂಪುರಕ್ಕೇ ಬಂದಿದೆ. ನೀವೇ ಇಲ್ಲ.