ಎಡಗಿವಿ ಸುಮ್ಮನಾದಾಗ

ಅರವತ್ತರ ದಶಕದ ಮಾತು. ಬೆಂಗೇರಿಯ ಮಾಸ್ತರರು ತಮ್ಮ ಹವ್ಯಾಸಿ ರೇಡಿಯೋದಲ್ಲಿ ಕೊಲಂಬೋದ ಒಬ್ಬರೊಡನೆ ಮಾತಾಡುತ್ತಿದ್ದರು. ಇಬ್ಬರ ದನಿಯೂ ಬೇರೆ ಬೇರೆ ತರಂಗದಲ್ಲಿ ಬರುತ್ತಿದ್ದುದರಿಂದ ನಾನು ನಮ್ಮ ಮನೆಯಲ್ಲಿ ಎರಡು ರಿಸೀವರ್ ಹಚ್ಚಿಕೊಂಡು, ಎಡಗಿವಿಯಲ್ಲಿ ಮಾಸ್ತರರನ್ನೂ ಬಲಗಿವಿಯಲ್ಲಿ ಕೊಲಂಬೋದವರನ್ನೂ ಕೇಳುತ್ತಿದ್ದೆ.

ಮಾತಿನ ನಡುವೆಯೇ ಮಾಸ್ತರರ ದನಿ ನಿಂತಿತು. ಯಂತ್ರ ಚಾಲೂ ಇರುವ ಗುಂಯ್ ಸದ್ದು ಮಾತ್ರ ನಿಲ್ಲಲಿಲ್ಲ. ಬಲಗಿವಿಯಲ್ಲಿ ಕೊಲಂಬೋದವರು ಕರೆಯುತ್ತಲೇ ಇದ್ದರು. ಆ ಯಂತ್ರದ ಕರೆಂಟು ಹಿಡಿದರೆ ಮನುಷ್ಯ ಉಳಿಯುವುದಿಲ್ಲ.

ಸೈಕಲ್ ತುಳಿದು ಬೆಂಗೇರಿ ಮುಟ್ಟಿದೆ. ಬಾಗಿಲು ದೂಡಿದರೆ ಮಾಸ್ತರರು ಮೈಕಿನ ಮುಂದೆ ಕಣ್ಣು ಅಗಲಿಸಿ, ಅಲುಗಾಡದೆ ಕೂತಿದ್ದರು.

“ಮಾಸ್ತರ, ಏನಾತ್ರೀ?” ಎಂದು ಚೀರಿದೆ.

“ಅಲ್ಲೇ ನಿಂದ್ರೋ ತಮ್ಮಾ,” ಎಂದರು ತುಟಿ ಅಲುಗದಂತೆ. “ಮುಂದ ಬರಬ್ಯಾಡ.”

ಬೆಚ್ಚಗಿದ್ದ ಯಂತ್ರದ ಮೇಲೆ, ಅವರ ಕೈಯಿಂದ ಗೇಣು ದೂರದಲ್ಲಿ, ನಾಗರಹಾವು ಸುತ್ತಿಕೊಂಡು ಕೂತಿತ್ತು.

ಅದು ತಾನಾಗಿಯೇ ಇಳಿದು ಕಿಟಕಿ ದಾಟುವ ತನಕ ನಾವಿಬ್ಬರೂ ಉಸಿರು ಬಿಡಲಿಲ್ಲ. ಆಮೇಲೆ ಇಬ್ಬರ ಬಾಯಿಂದಲೂ ಎಂತೆಂಥ ಬೈಗುಳ ಬಂದವೋ! ಮೈಕು ಇನ್ನೂ ಚಾಲೂ ಇದೆಯೆಂದು ಮಾಸ್ತರರಿಗೆ ನೆನಪಾದದ್ದು ಎಲ್ಲ ಬೈದು ಮುಗಿದ ಮೇಲೆ. ಕೊಲಂಬೋದವರಿಗೆ ಕನ್ನಡ ಬಾರದು ಎಂಬುದೊಂದೇ ಸಮಾಧಾನ.