ಬಾಯಲ್ಲೇ ಇಟ್ಟುಕೊಂಡ ಹೆಸರು

ಶಹಾಪುರದ ವೃದ್ಧಾಶ್ರಮದಲ್ಲಿ ನಾನು ನರ್ಸ್ ಅಲ್ಲ, ನರ್ಸಿನ ಕೈಕೆಳಗಿನವಳು. ಮೈ ಒರೆಸುವುದು, ತಲೆ ಬಾಚುವುದು, ಮಾತ್ರೆ ನುಂಗಿಸುವುದು, ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದು ನನ್ನ ಕೆಲಸ. ನಮ್ಮೂರು ಶಿರವಾಳದಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು. ಅಲ್ಲಿನ ಮುದುಕಿಯರಿಗೆ ಅದೇ ಇಷ್ಟ, ಮೆತ್ತಗೆ ಮಾತಾಡಿದರೆ ಅವರಿಗೆ ಕೇಳಿಸುವುದೂ ಇಲ್ಲ.

ಅವರಲ್ಲಿ ರಂಗಂಪೇಟೆಯ ಒಬ್ಬ ಆಯಿ ನನಗೆ ಹೆಚ್ಚು ಬೇಕಾದವರು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಗಂಡ ತೀರಿಕೊಂಡ ಮೇಲೆ ತಾವೇ ಹಟ ಹಿಡಿದು ಆಶ್ರಮಕ್ಕೆ ಬಂದಿದ್ದರು. ಅವರದು ಮುಂದಿನ ಕೋಣೆ. ಕಿಟಕಿ ತೆರೆದರೆ ರಸ್ತೆ. ಯಾರ ಟಂಟಂ ಆಟೋ ಬಂತು, ಯಾರ ಸೊಸೆ ಹೊಸ ಸೀರೆ ಉಟ್ಟಳು, ಎಲ್ಲಕ್ಕೂ ಅವರದೊಂದು ಟೀಕೆ ಇರುತ್ತಿತ್ತು. ಇತ್ತೀಚೆಗೆ ಮರೆವು ಶುರುವಾಗಿ, ಒಮ್ಮೆ ಗೇಟು ದಾಟಿ ಬಸ್ ನಿಲ್ದಾಣದವರೆಗೂ ಹೋಗಿಬಿಟ್ಟಿದ್ದರು. ಮರೆವು ಹೆಚ್ಚಾದವರನ್ನು ಹಿಂದಿನ ವಾರ್ಡಿಗೆ ಹಾಕುತ್ತಾರೆ. ಅಲ್ಲಿ ಬಾಗಿಲಿನ ಚಿಲಕ ಹೊರಗಡೆ ಇದೆ, ಕಿಟಕಿಯಿಂದ ಕಾಣುವುದು ಕಾಂಪೌಂಡ್ ಗೋಡೆ.

"ನನ್ನ ಹಿಂದ ಹಾಕಬ್ಯಾಡ್ರಿ ಅಂತ ನೀನರ ಹೇಳವ್ವಾ," ಎಂದು ಅವರು ನನ್ನ ಕೈ ಹಿಡಿದಿದ್ದರು.

"ನಾ ಇರೂತನಕ ಯಾರು ಹಾಕ್ತಾರ ನೋಡೂಣು," ಎಂದಿದ್ದೆ, ದೊಡ್ಡ ಅಧಿಕಾರಿಯ ಹಾಗೆ.

ಮರೆವು ಎಷ್ಟಿದೆ ಎಂದು ಪರೀಕ್ಷೆ ಮಾಡಲು ಬಂದ ಡಾಕ್ಟರು ಮೈಸೂರು ಕಡೆಯವರು. ಊರು ಯಾವುದು, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರು. ಆಯಿ ಪಟಪಟ ಉತ್ತರ ಕೊಟ್ಟರು.

"ನಿಮ್ಮ ಯಜಮಾನರ ಹೆಸರೇನಮ್ಮ?"

ಆಯಿ ಬಾಯಿ ಮುಚ್ಚಿಕೊಂಡರು. ಮತ್ತೆ ಕೇಳಿದರೆ ನೆಲ ನೋಡಿದರು. ಡಾಕ್ಟರು ಪೆನ್ನು ತೆಗೆದರು.

ನನಗೆ ನಗುವೂ ಬಂತು, ಸಿಟ್ಟೂ ಬಂತು. "ಸಾಹೇಬ್ರ, ಇದು ಮರವು ಅಲ್ರಿ. ಗಂಡನ ಹೆಸರು ಅವರು ಹಂಗ ಹೆಂಗ ಹೇಳ್ತಾರ್ರಿ? ಒಡಪು ಹಾಕಾಕ ಹಚ್ಚಬೇಕ್ರಿ," ಎಂದೆ. ನಮ್ಮ ಹಳೆಯ ಹೆಂಗಸರು ಗಂಡನ ಹೆಸರನ್ನು ಬರಿದೇ ಉಚ್ಚರಿಸುವುದಿಲ್ಲ. ಮದುವೆ ಮನೆಯಲ್ಲಿ ನಾದಿನಿಯರು ಕಾಡಿದಾಗ ಪ್ರಾಸ ಕಟ್ಟಿದ ಎರಡು ಮಾತು ಹೇಳಿ, ಕೊನೆಗೆ ಹೆಸರನ್ನು ಅದರೊಳಗೆ ಸೇರಿಸಿಬಿಡುತ್ತಾರೆ. ಅದೇ ಒಡಪು. ಡಾಕ್ಟರು ಒಳ್ಳೆಯವರು, ಪೆನ್ನು ಕೆಳಗಿಟ್ಟರು.

"ಹಾಕ್ರಿ ಆಯಿ, ಒಡಪು," ಎಂದು ಭುಜ ತಿವಿದೆ. ಆಯಿ ಮದುಮಗಳ ಹಾಗೆ ನಾಚಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ತಂಬಿಗಿ ತುಂಬ ಹೊಳಿ ನೀರ, ಬುಟ್ಟಿ ತುಂಬ ಹೂವಿನ ಹಾರ, ಎಲ್ಲಾರೂ ಕೇಳ್ರಿ, ನಮ್ಮ ಮನಿ ಸರದಾರ..."

ಒಂದಕ್ಷರ ತಪ್ಪಲಿಲ್ಲ. ನಾನು ಡಾಕ್ಟರ ಕಡೆ ನೋಡಿ, ಹೇಗೆ ಎಂಬಂತೆ ಹುಬ್ಬು ಹಾರಿಸಿದೆ. ಆದರೆ ಸರದಾರ ಎಂದ ಮೇಲೆ ಹೆಸರು ಬರಲಿಲ್ಲ. ಆಯಿ ಮತ್ತೆ ಮೊದಲಿನಿಂದ ಹೇಳಿದರು. ತಂಬಿಗೆ ಬಂತು, ಹಾರ ಬಂತು, ಸರದಾರ ಬಂದ, ಅಲ್ಲೇ ನಿಂತ.

"ಬಾಯಾಗ ಇಟ್ಕೊಂಡು ಇಟ್ಕೊಂಡು ನುಂಗೇ ಬಿಟ್ಟೇನಿ ನೋಡವ್ವಾ," ಎಂದು ಅತ್ತರು.

ಡಾಕ್ಟರು ಮತ್ತೆ ಪೆನ್ನು ಎತ್ತಿಕೊಂಡು ಬರೆದುಕೊಂಡರು.

ಒಡಪು ಹಾಕಿಸದೆ ಆಯಿಯನ್ನು ಸುಮ್ಮನೇ ಬಿಟ್ಟಿದ್ದರೆ, ನಾಚಿಕೆ ಎಂದು ವಾದ ಮಾಡಿ ಇನ್ನಷ್ಟು ದಿನ ಮುಂದಿನ ಕೋಣೆಯಲ್ಲೇ ಉಳಿಸಿಕೊಳ್ಳಬಹುದಿತ್ತೇನೋ. ಅದಕ್ಕಿಂತ ಹೆಚ್ಚು ಸಂಕಟವಾಗುವುದು ಇನ್ನೊಂದಕ್ಕೆ. ದಿನಾ ತಲೆ ಬಾಚಿಸಿಕೊಳ್ಳುವಾಗ ಅವರು, "ಇವರು ಹಿಂಗಂತಿದ್ರು, ಇವರು ಹಂಗಂತಿದ್ರು," ಎಂದು ಗಂಡನ ಸುದ್ದಿ ಹೇಳುತ್ತಲೇ ಇದ್ದರು. ಆಗ ತಮಾಷೆಗಾದರೂ ಒಂದು ಒಡಪು ಹಾಕಿಸಿದ್ದರೆ, ಆ ಹೆಸರು ಒಮ್ಮೆಯಾದರೂ ಅವರ ಬಾಯಿಂದ ಹೊರಗೆ ಬರುತ್ತಿತ್ತು. ಕಾಡಿ ಕೇಳಲು ಆಶ್ರಮದಲ್ಲಿ ಅವರಿಗೆ ನಾದಿನಿಯರಿರಲಿಲ್ಲ, ನಾನಿದ್ದೆ.

ಹಿಂದಿನ ವಾರ್ಡಿಗೆ ಅವರ ಗಂಟು ಹೊತ್ತುಕೊಂಡು ಹೋದವಳೂ ನಾನೇ. ಹಾಸಿಗೆ ಹಾಸಿ ಕೂರಿಸಿದ ಮೇಲೆ ತಡೆಯಲಾಗಲಿಲ್ಲ. ಅವರನ್ನು ಆಶ್ರಮಕ್ಕೆ ಬಿಡಲು ಬಂದಿದ್ದ ಮೈದುನ ಹೇಳಿ ಅವರ ಗಂಡನ ಹೆಸರು ನನಗೆ ಗೊತ್ತಿತ್ತು. ಕಿವಿಯ ಹತ್ತಿರ ಬಾಗಿ, ಕೇಳಿಸುವಷ್ಟು ಜೋರಾಗಿ ಹೇಳಿದೆ.

ಯಾರೋ ಗಂಡಸರು ಬಂದರೆಂಬಂತೆ ಆಯಿ ತಟ್ಟನೆ ಸೆರಗು ಎಳೆದು ತಲೆಯ ಮೇಲೆ ಹೊದ್ದುಕೊಂಡರು. ಬಾಗಿಲ ಕಡೆ ನೋಡಿ, ಮೆಲ್ಲಗೆ ನನ್ನನ್ನು ಕೇಳಿದರು:

"ಯಾರು ಬಂದಾರವ್ವಾ?"