ಭಾಗಮ್ಮನ ಎಣಿಕೆ

ಹೆಡ್ಮೇಷ್ಟ್ರು ಕೊಟ್ಟ ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕದೆ ನೀರಿನ ಹಂಡೆಯ ಕೆಳಗೆ ತುರುಕಿಟ್ಟ ಆಯಾ ಕಡೂರು ಸೀಮೆಯಲ್ಲಿ ಒಬ್ಬಳೇ, ಅವಳು ಭಾಗಮ್ಮ. ಇಸವಿ ಎಪ್ಪತ್ತೊಂಬತ್ತು. ಪಂಚನಹಳ್ಳಿಯಿಂದ ಮೂರು ಮೈಲಿ ಒಳಗಿದ್ದ ಒಂದು ಹೈಸ್ಕೂಲು. ಊರಿನ ಹೆಸರು ಬೇಡ. ಆ ಹೆಡ್ಮೇಷ್ಟ್ರ ಮೊಮ್ಮಕ್ಕಳು ಈಗ ದೊಡ್ಡ ಮನುಷ್ಯರಾಗಿದ್ದಾರೆ, ಸುಮ್ಮನೆ ಮುಖ ಊದಿಸಿಕೊಂಡಾರು.

ಭಾಗಮ್ಮನಿಗೆ ಓದು ಬರಹ ಇರಲಿಲ್ಲ. ಗಂಟೆ ಹೊಡೆಯುವುದು, ಹಂಡೆಗೆ ನೀರು ತುಂಬುವುದು, ಟಪಾಲು ಒಯ್ಯುವುದು, ಉಗ್ರಾಣದ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು, ಇಷ್ಟು ಅವಳ ಕೆಲಸ. ಅದಕ್ಕೂ ಮುಂಚೆ, ಹನ್ನೆರಡನೇ ವಯಸ್ಸಿನಿಂದ ಇಪ್ಪತ್ತೆಂಟು ವರ್ಷ, ಅವಳು ಕೊಬ್ಬರಿ ಅಟ್ಟಗಳಿಗೆ ಕಾಯಿ ಏರಿಸಿದವಳು. ಆ ಸೀಮೆಯಲ್ಲಿ ತೆಂಗಿನಕಾಯಿಯನ್ನು ವರ್ಷವಿಡೀ ಅಟ್ಟದ ಮೇಲೆ ಒಣಗಲು ಬಿಟ್ಟರೇ ಕೊಬ್ಬರಿ.

ಕಾಯಿ ಏರಿಸುವುದೆಂದರೆ ತಮಾಷೆಯಲ್ಲ. ಅಂಗಳದ ರಾಶಿಯಿಂದ ಅಟ್ಟದವರೆಗೆ ಹೆಂಗಸರು ಸಾಲಾಗಿ ನಿಲ್ಲಬೇಕು. ಕಾಯಿ ಕೈಯಿಂದ ಕೈಗೆ ಹಾರಬೇಕು. ಕೊನೆಯವಳು ಅದನ್ನು ತಲೆಯ ಮೇಲಿನ ಕಿಂಡಿಯೊಳಕ್ಕೆ ಎಸೆಯಬೇಕು, ಮೇಲಿದ್ದವಳು ಹಿಡಿಯಬೇಕು. ಯಾರೂ ಕಾಯಿ ನೋಡುವ ಹಾಗಿಲ್ಲ, ಪಕ್ಕದವಳ ಕೈ ನೋಡಬೇಕು. ಒಂದು ಗಳಿಗೆ ಹೆಚ್ಚು ಇಟ್ಟುಕೊಂಡರೆ, "ಏನೇ, ಮಗು ಆಡುಸ್ತಿದ್ದೀಯಾ?" ಎಂದು ಬೈಗುಳ ಬೀಳುತ್ತಿತ್ತು. ಎಣಿಸುವವರು ಮೊದಲ ಕಾಯಿಗೆ ಒಂದು ಎನ್ನುವುದಿಲ್ಲ, "ಲಾಭ" ಎನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ. "ನೂರು" ಎಂದ ಕೂಡಲೇ ಕೈಯಲ್ಲಿ ಕಾಯಿ ಇದ್ದವಳು ಅದನ್ನು ಗುರುತಿಗೆಂದು ಪಕ್ಕಕ್ಕೆ ಇಡಬೇಕು, ಸಾಲಿನವರೆಲ್ಲ ಕೈ ಇಳಿಬಿಟ್ಟು ಉಸಿರು ತೆಗೆದುಕೊಳ್ಳಬೇಕು. ಆ ಊರಿನ ಹೆಣ್ಣುಮಕ್ಕಳು ಬೇಸಿಗೆ ರಜ ಬಂತೆಂದರೆ ಈ ಸಾಲಿನಲ್ಲಿರುತ್ತಿದ್ದರು. ಮಲ್ಲಿಕಾಂಬ ಒಬ್ಬಳು ಮಾತ್ರ ಇರುತ್ತಿರಲಿಲ್ಲ. ಅವಳು ತೋಟದ ಯಜಮಾನರ ಮಗಳು. ಜಗಲಿಯ ಮೇಲೆ ಕೂತು ಎಣಿಸುವುದು ಅವಳ ಪಾಲು.

ಶಾಲೆಯ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಈ ಮಲ್ಲಿಕಾಂಬಳೇ ಪ್ರಾಣ. ಡ್ರಿಲ್ ಮೇಷ್ಟ್ರು ಮಂಜಪ್ಪನವರು ಎರಡು ತೆಂಗಿನ ಕಂಬ ನೆಟ್ಟು, ಕಮ್ಮಾರನ ಹತ್ತಿರ ಕಬ್ಬಿಣದ ಬಳೆ ಮಾಡಿಸಿ ಆಟ ಕಲಿಸಿದ್ದರು. ಕಲಿಸಿದ್ದು ಒಂದೇ ಪಾಠ: "ಬಾಲ್ ಸಿಕ್ತಾ? ಮಲ್ಲಿಗೆ ಕೊಡಿ." ಉದ್ದನೆಯ ಹುಡುಗಿ ಬಳೆಯ ಎಡಕ್ಕೆ ನಿಂತು ಕೈ ಎತ್ತಿದರೆ ಮುಗಿಯಿತು. ಹಾಗೇ ಗೆದ್ದು ಗೆದ್ದು ತಂಡ ತರೀಕೆರೆಯ ಫೈನಲ್‌ವರೆಗೂ ಬಂತು. ಇನ್ನು ನಾಲ್ಕು ದಿನ ಇದೆ ಎನ್ನುವಾಗ, ಅಪ್ಪನ ಮೋಟಾರ್ ಬೈಕಿಗೆ ಎಮ್ಮೆ ಅಡ್ಡ ಬಂದು, ಹಿಂದೆ ಕೂತಿದ್ದ ಮಲ್ಲಿಕಾಂಬ ರಸ್ತೆಗೆ ಬಿದ್ದಳು. ಬಲಗೈ ಮುರಿಯಿತು.

ಹೆಡ್ಮೇಷ್ಟ್ರು ಈರಭದ್ರಪ್ಪನವರಿಗೆ ಅಷ್ಟೇ ಸಾಕಾಗಿತ್ತು. ವಯಸ್ಸಿಗೆ ಬಂದ ಹುಡುಗಿಯರು ಬಯಲಲ್ಲಿ ಎಗರಾಡುವುದು ಅವರ ಕಣ್ಣಿಗೆ ಆಗುತ್ತಿರಲಿಲ್ಲ. ಆ ಜಾಗದಲ್ಲಿ ಹುಡುಗರ ವಾಲಿಬಾಲ್ ಹಾಕಿಸಬೇಕೆಂದು ಅವರ ಆಸೆ. "ನಮ್ಮ ತಂಡ ಬರುವುದಿಲ್ಲ" ಎಂದು ಅಂದೇ ತರೀಕೆರೆಗೆ ಕಾಗದ ಬರೆದು ಭಾಗಮ್ಮನ ಕೈಗೆ ಕೊಟ್ಟರು. ಪಂದ್ಯದ ಹಿಂದಿನ ದಿನ ಅನುಮಾನ ಬಂದು ಕೇಳಿದರು.

"ಕಾಗದ ಹಾಕಿದ್ಯೇನಮ್ಮ?"

"ಇಲ್ಲ ಸಾ. ಹಂಡೆ ಅಲ್ಲಾಡ್ತಿತ್ತು, ಕೆಳಗೆ ಒತ್ತು ಕೊಟ್ಟೆ."

"ತಲೆಗಿಲೆ ಕೆಟ್ಟೈತಾ ನಿಂಗೆ? ಮಲ್ಲಿಕಾಂಬ ಇಲ್ದೆ ಯಾರು ಆಡ್ತಾರೆ?"

"ಯಾರು ಅಂದ್ರೆ? ಇನ್ನೂ ಆರು ಜನ ಅವ್ರಲ್ಲ ಸಾ. ಒಬ್ಳ ಕೈ ಮುರುದ್ರೆ ಉಳಿದೋರ ಕೈಯೆಲ್ಲ ಬಿದ್ದೋದ್ವಾ? ಇಷ್ಟು ದಿನ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಮಾಡಿದ್ರಿ. ಈಗ ಆಟಕ್ಕೂ ಬ್ಯಾಡ ಅಂದ್ರೆ ಹೆಂಗೆ?"

ಈರಭದ್ರಪ್ಪನವರ ಮುಖ ಕೆಂಪಾಯಿತು. "ಹೋಗಿ, ಊರ ಮಾನ ಹರಾಜು ಹಾಕಿ ಬನ್ನಿ. ಸೋತು ಬಂದ್ರೋ, ಸೋಮವಾರ ಬೆಳಗ್ಗೆ ಎರಡು ಕಂಬನೂ ಕೀಳಿಸ್ತೀನಿ. ಆಮೇಲೆ ಹುಡ್ಗೀರಿಗೆ ಆಟನೂ ಇಲ್ಲ, ಗೀಟನೂ ಇಲ್ಲ."

ಭಾಗಮ್ಮನ ಮೈಯೆಲ್ಲ ಉರಿಯಿತು. ಇಪ್ಪತ್ತೆಂಟು ವರ್ಷ ಸಾಲಿನಲ್ಲಿ ನಿಂತಿದ್ದಳು. ಎಷ್ಟು ಕಾಯಿ ಏರಿತು ಎಂದು ಕೇಳಿದವರಿದ್ದರೇ ಹೊರತು ಯಾರು ಏರಿಸಿದರು ಎಂದು ಒಬ್ಬ ಗಂಡಸೂ ಕೇಳಿರಲಿಲ್ಲ. ಈ ಆರು ಹುಡುಗಿಯರೂ ಅದೇ ಸಾಲಿನಲ್ಲಿ ಸವೆಯುವವರು. ವಾರಕ್ಕೆ ಎರಡು ಗಂಟೆ ಅವರಿಗೆಂದು ಇದ್ದದ್ದು ಆ ಎರಡು ಕಂಬಗಳ ನಡುವಿನ ಜಾಗ ಒಂದೇ. ಅದನ್ನೂ ಕಿತ್ತುಕೊಳ್ಳಲು ಇವನ್ಯಾವನು ಎಂದು ಮನಸ್ಸಿನಲ್ಲೇ ಏಕವಚನದಲ್ಲಿ ಬೈದುಕೊಂಡು, ಮರುದಿನ ತಾನೂ ಬಸ್ಸು ಹತ್ತಿದಳು.

ತರೀಕೆರೆಯ ಮೈದಾನದಲ್ಲಿ ಮೊದಲರ್ಧ ನೋಡುವಂತಿರಲಿಲ್ಲ. ಬಾಲ್ ಸಿಕ್ಕಿದ ಕೂಡಲೇ ಹುಡುಗಿಯರು ಅದನ್ನು ಬಳೆಯ ಎಡಕ್ಕೆ ಎಸೆಯುತ್ತಿದ್ದರು. ಅಲ್ಲಿ ಯಾರಿದ್ದಾರೆ? ಯಾರೂ ಇಲ್ಲ. ಎರಡು ವರ್ಷದ ಅಭ್ಯಾಸ, ಕೈ ತಾನಾಗಿ ಅತ್ತ ಹೋಗುತ್ತಿತ್ತು. ಬಾಲ್ ಖಾಲಿ ಜಾಗದಲ್ಲಿ ಪುಟಿದು ಗೆರೆಯಾಚೆ ಉರುಳುತ್ತಿತ್ತು.

"ಅಲ್ಯಾರೂ ಇಲ್ಲ ಕಣ್ರೇ! ದೆವ್ವಕ್ಕೆ ಎಸೀತಿದ್ದೀರಾ?" ಎಂದು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅರ್ಧ ಆಟ ಮುಗಿದಾಗ ತರೀಕೆರೆಯವರು ಹದಿನಾರು, ಇವರು ನಾಲ್ಕು.

ಮಂಜಪ್ಪ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ಎಲ್ಲರಿಗಿಂತ ಕುಳ್ಳಿ ಅಂಬಮ್ಮ ಅಳುತ್ತಿದ್ದಳು. "ಕೈ ಮಾತೇ ಕೇಳಲ್ಲ ಭಾಗಮ್ಮಕ್ಕ, ಮಲ್ಲಿ ಇದ್ದ ಕಡೀಗೇ ಹೋಯ್ತದೆ."

"ಅಳ್ಬ್ಯಾಡ, ಮುಚ್ಚು ಬಾಯಿ," ಎಂದಳು ಭಾಗಮ್ಮ, ನೀರಿನ ಲೋಟ ಕೈಗೆ ತುರುಕುತ್ತ. "ನಿಮ್ಮ ಕೈಗೆ ಮಲ್ಲಿ ಅಭ್ಯಾಸ ಎರಡು ವರ್ಷದ್ದು. ಕಾಯಿ ಅಭ್ಯಾಸ ಎಷ್ಟು ವರ್ಷದ್ದೇ? ಅದೇನು ಮೇಲೈತಲ್ಲ, ಬಳೆ ಅಲ್ಲ ಕಣ್ರೇ ಅದು, ಅಟ್ಟದ ಕಿಂಡಿ. ಬಾಲ್ ನೋಡ್ಬ್ಯಾಡಿ, ಪಕ್ಕದೋಳ ಕೈ ನೋಡಿ. ಕೈಗೆ ಬಂತು, ದಾಟಿಸು. ನಾನು ಎಣಿಸ್ತೀನಿ."

ಮಂಜಪ್ಪನವರು ಎದ್ದು ಹುಡುಗಿಯರನ್ನು ಮೈದಾನಕ್ಕೆ ಕಳಿಸಿದರು.

ಸೀಟಿ ಕೂಗಿತು. "ಲಾಭ!" ಎಂದು ಗೆರೆಯ ಪಕ್ಕದಿಂದ ಭಾಗಮ್ಮನ ಗಂಟಲು ಕೇಳಿಸಿತು. ಬಾಲ್ ಒಂದೊಂದು ಕೈ ದಾಟಿದ ಹಾಗೆಲ್ಲ ಎರಡು, ಮೂರು, ನಾಲ್ಕು. ಹುಡುಗಿಯರ ಮೈ ಆ ಎಣಿಕೆಯನ್ನು ಗುರುತು ಹಿಡಿಯಿತು. ಬಾಲ್ ಯಾರ ಕೈಯಲ್ಲೂ ನಿಲ್ಲಲೇ ಇಲ್ಲ. ತರೀಕೆರೆಯ ಹುಡುಗಿಯರು ಇತ್ತ ತಿರುಗುವಷ್ಟರಲ್ಲಿ ಅದು ಅತ್ತ ಇರುತ್ತಿತ್ತು. ಕೊನೆಯಲ್ಲಿ ಕಟ್ಟುಮಸ್ತಾದ ಹುಲಿಗೆಮ್ಮ ಅಟ್ಟಕ್ಕೆ ಎಸೆದಂತೆ ಎಸೆದರೆ ಸೀದಾ ಬಳೆಯೊಳಕ್ಕೆ. ಪಾಯಿಂಟು ಆರಾಯಿತು, ಎಂಟಾಯಿತು, ಹತ್ತಾಯಿತು. ನಗುತ್ತಿದ್ದವರು ನಗು ನಿಲ್ಲಿಸಿದರು. ಬಸ್ಸಿಗೆಂದು ಹೊರಟವರು ಚೀಲ ಕೆಳಗಿಟ್ಟು ನಿಂತರು. ಭಾಗಮ್ಮನಿಗೆ ಕುಣಿಯುವಷ್ಟು ಸಂತೋಷ. ಸೆರಗು ಬಿಗಿದು ಗೆರೆಯುದ್ದಕ್ಕೂ ಓಡುತ್ತ, ನಲವತ್ತು, ಅರವತ್ತು, ಎಂಬತ್ತು ಎಂದು ಕೂಗುತ್ತಲೇ ಇದ್ದಳು.

ಕೊನೆಯ ನಿಮಿಷಕ್ಕೆ ತರೀಕೆರೆ ಇಪ್ಪತ್ತು, ಇವರು ಒಂದು ಫೌಲಿನ ಪಾಯಿಂಟೂ ಸೇರಿ ಹತ್ತೊಂಬತ್ತು. ಒಂದು ಸಲ ಬಾಲ್ ಬಳೆಗೆ ಬಿದ್ದರೆ ಗೆದ್ದಂತೆ. ಬಾಲ್ ಹುಲಿಗೆಮ್ಮನಿಂದ ಅಂಬಮ್ಮನಿಗೆ ಬಂತು. ಅಂಬಮ್ಮನ ಮುಂದೆ ಒಬ್ಬರೂ ಅಡ್ಡ ಇಲ್ಲ, ಎತ್ತಿ ಎಸೆದರೆ ಸಾಕು. ಭಾಗಮ್ಮ ಪ್ರಾಣವನ್ನೆಲ್ಲ ಗಂಟಲಿಗೆ ತಂದುಕೊಂಡು ಕೂಗಿದಳು.

"ನೂರು!"

ಅಂಬಮ್ಮ ಬಗ್ಗಿ, ಬಾಲನ್ನು ಮೆಲ್ಲಗೆ ಪಕ್ಕಕ್ಕೆ ಇಟ್ಟಳು. ಉಳಿದ ನಾಲ್ವರೂ ಕೈ ಇಳಿಬಿಟ್ಟು ನಿಂತರು.

ತರೀಕೆರೆಯ ಹುಡುಗಿಯೊಬ್ಬಳು ಕಣ್ಣು ಬಿಟ್ಟು ನೋಡಿದಳು, ಆಮೇಲೆ ಬಾಲ್ ಎತ್ತಿಕೊಂಡು ಓಡಿದಳು. ಸೀಟಿ ಕೂಗಿತು. ಮುಗಿಯಿತು.

ಅಯ್ಯೋ ನನ್ನ ಬಾಯಿಗೆ ಬೆಂಕಿ ಹಾಕ ಎಂದು ಭಾಗಮ್ಮ ಅಲ್ಲೇ ಕುಸಿದಳು. ಕಡೂರಿನಲ್ಲಿ ಬಸ್ಸು ಬದಲಿಸುವಾಗ ಹುಲಿಗೆಮ್ಮ, "ಎಷ್ಟು ನಾಜೂಕಾಗಿ ಇಟ್ಯಲ್ಲೇ ಅಂಬಿ, ಒಡೆದೋಗ್ತದೆ ಅನ್ನಂಗೆ!" ಎಂದಳು. ಮೊದಲು ನಕ್ಕವಳು ಅಂಬಮ್ಮನೇ. ಆಮೇಲೆ ಆರು ಜನವೂ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದು ಬಿದ್ದು ನಕ್ಕರು. ಭಾಗಮ್ಮ ಮಾತ್ರ ನಗಲಿಲ್ಲ. ಅವಳಿಗೆ ಸೋಮವಾರದ ಯೋಚನೆ.

ಸೋಮವಾರ ಬೆಳಗ್ಗೆ ಈರಭದ್ರಪ್ಪನವರು ಕೂಲಿಯ ಗಿಡ್ಡಪ್ಪನನ್ನು ಕರೆದುಕೊಂಡು ಬಂದರು. "ಹಾರೆ ಕೊಡಮ್ಮ."

"ಉಗ್ರಾಣದಲ್ಲೈತೆ ಸಾ."

"ಕೀಲಿಕೈ?"

"ಸೊಂಟದಲ್ಲೈತೆ. ಕೊಡಲ್ಲ."

"ಏನಂದೆ? ಸೋತ್ರೆ ಕೀಳಿಸ್ತೀನಿ ಅಂತ ಹೇಳಿರ್ಲಿಲ್ವಾ?"

"ಹೇಳಿದ್ರಿ. ಆದ್ರೆ ಮಲ್ಲಿ ಇಲ್ದೆ ಸೋಲಲಿಲ್ಲ ಸಾ, ನನ್ನ ಬಾಯಿಂದ ಸೋತ್ರು. ಶಿಕ್ಷೆ ಕೊಡೋದಾದ್ರೆ ಈ ಬಾಯಿಗೆ ಕೊಡಿ. ಕಂಬ ಏನು ಮಾಡಿತ್ತು?"

"ಕೆಲಸ ಹೋಗ್ತದೆ, ನೋಡ್ಕೊ!"

"ಹೋಗ್ಲಿ ಬಿಡಿ. ಅಟ್ಟಗಳು ಎಲ್ಲಿಗೂ ಓಡಿಹೋಗಿಲ್ಲ." ಹಾಗೆಂದು ಭಾಗಮ್ಮ ಕಂಬಕ್ಕೆ ಬೆನ್ನು ಕೊಟ್ಟು ನಿಂತೇಬಿಟ್ಟಳು.

ಅಷ್ಟರಲ್ಲಿ ಆರು ಹುಡುಗಿಯರೂ ಬಂದು ಕಂಬದ ಮುಂದೆ ಹರಡಿ ನಿಂತರು. ಹಿಂದೆಯೇ ಮಲ್ಲಿಕಾಂಬ, ಪ್ಲಾಸ್ಟರ್ ಹಾಕಿದ ಕೈ ಕುತ್ತಿಗೆಗೆ ಜೋತುಬಿಟ್ಟುಕೊಂಡು.

"ನಾನೇನು ಮಾಡ್ಲಿ ಭಾಗಮ್ಮಕ್ಕ?"

"ಎಣ್ಸು. ಜಗಲಿ ಮ್ಯಾಲೆ ಅಲ್ಲ, ಇವರ ಜೊತೆ ನಿಂತ್ಕೊಂಡು ಎಣ್ಸು."

"ಲಾಭ," ಎಂದಳು ಮಲ್ಲಿಕಾಂಬ. ಬಾಲ್ ಹಾರಿತು. ಇಪ್ಪತ್ತು, ಐವತ್ತು, ಎಂಬತ್ತು. ಗಿಡ್ಡಪ್ಪ ಬೀಡಿ ಹಚ್ಚಿ ಕಟ್ಟೆಯ ಮೇಲೆ ಕೂತ. ಹೆಡ್ಮೇಷ್ಟ್ರೂ ತೆಂಗಿನ ಸೀಮೆಯವರೇ ತಾನೆ. ಬೈಯುವುದನ್ನು ಮರೆತು ಅವರ ತುಟಿಯೂ ಎಣಿಕೆಯ ಜೊತೆ ಆಡತೊಡಗಿತು. ತೊಂಬತ್ತೇಳು, ತೊಂಬತ್ತೆಂಟು, ತೊಂಬತ್ತೊಂಬತ್ತು. ಬಾಲ್ ಅಂಬಮ್ಮನ ಕೈಯಲ್ಲಿತ್ತು. ಮಲ್ಲಿಕಾಂಬ ಬಾಯಿ ತೆರೆದವಳು ತಡೆದು ಭಾಗಮ್ಮನ ಕಡೆ ನೋಡಿದಳು.

"ನೂ..." ಎಂದರು ಈರಭದ್ರಪ್ಪನವರು, ತಮಗೇ ಗೊತ್ತಿಲ್ಲದೆ.

"ಲಾಭ!" ಎಂದು ಭಾಗಮ್ಮ ಅವರ ದನಿಯ ಮೇಲೆ ಕೂಗಿದಳು.

ಅಂಬಮ್ಮ ಬಗ್ಗಲಿಲ್ಲ. ಬಾಲ್ ಎತ್ತಿ ಕಿಂಡಿಗೆ ಎಸೆದಳು.